ಚೀನಾದ ಮಣ್ಣಿನ ಸೈನ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿನ್ ಷಿ ಹುವಾಂಗ್ ಚಕ್ರವರ್ತಿಯ ಸಮಾಧಿಯ ಬಳಿ ಸಿಕ್ಕ ಸುಡುಮಣ್ಣಿನ ಸೈನಿಕರ ಬಗ್ಗೆ ಶಾಲೆಯ ಮಕ್ಕಳಿಂದ ಹಿಡಿದು ಚೀನಾ ಪ್ರವಾಸಕ್ಕೆ ಹೊರಟವರವರೆಗೆ ಎಲ್ಲರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ವಾಟ್ಸಾಪಿನಲ್ಲಿ ಓಡಾಡುವ ಒಂದೆರಡು ಸುಳ್ಳುಗಳಿಗೂ ಉತ್ತರವಿದೆ. ಕೆಲವು ಪ್ರಶ್ನೆಗಳಿಗೆ ಎರಡು ಸಾಲು ಸಾಕು, ಕೆಲವಕ್ಕೆ ಒಂದು ಪುಟವೂ ಸಾಲದು.

ಈ ಸೈನ್ಯ ಇರುವುದು ಎಲ್ಲಿ?

ಚೀನಾದ ಷಾನ್‌ಷಿ ಪ್ರಾಂತ್ಯದಲ್ಲಿ, ಶಿಆನ್ ನಗರದ ಪೂರ್ವಕ್ಕೆ, ಲಿನ್‌ಟಾಂಗ್ ಎಂಬಲ್ಲಿ. ಚಕ್ರವರ್ತಿಯ ಸಮಾಧಿಯ ದಿಬ್ಬದಿಂದ ಪೂರ್ವಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ನಡೆದರೆ ಸೈನಿಕರ ಗುಂಡಿಗಳು ಸಿಗುತ್ತವೆ. ದಿಬ್ಬ, ಗುಂಡಿಗಳು, ಕೆಲಸಗಾರರ ಸಮಾಧಿಗಳು ಎಲ್ಲ ಸೇರಿ ಇಡೀ ಸಮಾಧಿ ಪ್ರದೇಶ 50 ಚದರ ಕಿಲೋಮೀಟರಿಗೂ ದೊಡ್ಡದು. ಸೈನ್ಯ ಅದರ ಒಂದು ಮೂಲೆ ಮಾತ್ರ.

ಸಿಕ್ಕಿದ್ದು ಹೇಗೆ?

1974ರ ಮಾರ್ಚ್‌ನಲ್ಲಿ, ಬಾವಿ ತೋಡುವಾಗ. ಆ ವರ್ಷ ನೀರಿಗೆ ತತ್ವಾರ. ಷಿಯಾಂಗ್ ಎಂಬ ಹಳ್ಳಿಯ ರೈತರು ಅಗೆಯುತ್ತ ಹೋದಾಗ ನೀರಿನ ಬದಲು ಮಣ್ಣಿನ ತಲೆ, ಕೈ, ಕಂಚಿನ ಬಾಣದ ಮೊನೆಗಳು ಬಂದವು. ಲಿನ್‌ಟಾಂಗ್‌ನ ಸಣ್ಣ ವಸ್ತುಸಂಗ್ರಹಾಲಯದಲ್ಲಿದ್ದ ಝಾವೋ ಕಾಂಗ್‌ಮಿನ್ ಚೂರುಗಳನ್ನು ಕೂಡಿಸಿ ಮೊದಲ ಸೈನಿಕರನ್ನು ನಿಲ್ಲಿಸಿದರು. ಅನಂತರ ಯುವಾನ್ ಝಾಂಗ್‌ಯಿ ನೇತೃತ್ವದಲ್ಲಿ ವ್ಯವಸ್ಥಿತ ಉತ್ಖನನ ನಡೆಯಿತು. 1979ರಲ್ಲಿ ವಸ್ತುಸಂಗ್ರಹಾಲಯ ಜನರಿಗೆ ತೆರೆಯಿತು. 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಈ ಚಕ್ರವರ್ತಿ ಯಾರು? ಆಗ ನಮ್ಮ ಕಡೆ ಏನು ನಡೆದಿತ್ತು?

ಹುಟ್ಟಿದ್ದು ಕ್ರಿ.ಪೂ. 259. ಹದಿಮೂರನೆಯ ವಯಸ್ಸಿಗೆ, ಕ್ರಿ.ಪೂ. 246ರಲ್ಲಿ, ಚಿನ್ ರಾಜ್ಯದ ದೊರೆಯಾದ. ಪೂರ್ವದ ಆರು ರಾಜ್ಯಗಳನ್ನು ಒಂದೊಂದಾಗಿ ಗೆದ್ದು ಕ್ರಿ.ಪೂ. 221ರಲ್ಲಿ ಇಡೀ ದೇಶಕ್ಕೆ ಮೊದಲ ಚಕ್ರವರ್ತಿ ಎನಿಸಿಕೊಂಡ. ಲಿಪಿ, ತೂಕ, ಅಳತೆ, ನಾಣ್ಯ, ಗಾಡಿಯ ಅಚ್ಚಿನ ಅಗಲ, ಎಲ್ಲವನ್ನೂ ಒಂದೇ ಮಾದರಿಗೆ ತಂದ. ಕ್ರಿ.ಪೂ. 210ರಲ್ಲಿ ಪ್ರವಾಸದಲ್ಲಿದ್ದಾಗ ತೀರಿಕೊಂಡ. ಸಾವಿನ ಸುದ್ದಿ ಮುಚ್ಚಿಡಲು, ಹೆಣದ ವಾಸನೆ ಗೊತ್ತಾಗದಿರಲೆಂದು ಜೊತೆಯ ಗಾಡಿಗಳಲ್ಲಿ ನಾರುವ ಮೀನು ತುಂಬಿಸಿದರಂತೆ. ಇದು ನೂರು ವರ್ಷದ ಮೇಲೆ ಬರೆದ ಇತಿಹಾಸಕಾರ ಸಿಮಾ ಚಿಯೆನ್ ಹೇಳುವ ಮಾತು. ರಾಜವಂಶ ಉಳಿದದ್ದು ಮುಂದೆ ಮೂರು ನಾಲ್ಕು ವರ್ಷವಷ್ಟೇ.

ಈತ ಮಗುವಾಗಿದ್ದಾಗ ಇಲ್ಲಿ ಅಶೋಕ ಆಳುತ್ತಿದ್ದ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಗಳ ಮೇಲಿನ ಶಾಸನಗಳು ಹೆಚ್ಚುಕಡಿಮೆ ಅದೇ ಕಾಲದವು. ಚಿನ್ ಚಕ್ರವರ್ತಿಯೂ ಬೆಟ್ಟಗಳ ಮೇಲೆ ಕಲ್ಲು ನೆಡಿಸಿ ಬರೆಸಿದ್ದಾನೆ, ಕ್ರಿ.ಪೂ. 219ರಲ್ಲಿ ತೈ ಪರ್ವತದ ಮೇಲೆ ನೆಡಿಸಿದ್ದು ಪ್ರಸಿದ್ಧ. ಮಸ್ಕಿಯ ಶಾಸನ ಧರ್ಮದ ಮಾತಾಡಿದರೆ, ಆ ಕಲ್ಲುಗಳು ಆತನ ಗೆಲುವನ್ನೂ ಆತ ತಂದ ಶಿಸ್ತನ್ನೂ ಹೊಗಳುತ್ತವೆ. ಇಬ್ಬರಿಗೂ ಒಬ್ಬರ ವಿಷಯ ಒಬ್ಬರಿಗೆ ತಿಳಿದಿತ್ತೆನ್ನಲು ಆಧಾರವಿಲ್ಲ.

ನಿಜವಾಗಿಯೂ 8000 ಸೈನಿಕರಿದ್ದಾರಾ?

ಅದು ಅಂದಾಜು. ಇದುವರೆಗೆ ಹೊರಗೆ ಬಂದಿರುವುದು ಸುಮಾರು 2000. ಅಗೆದ ಜಾಗದಲ್ಲಿ ಎಷ್ಟು ಒತ್ತಾಗಿ ನಿಲ್ಲಿಸಿದ್ದಾರೋ ಅದೇ ಲೆಕ್ಕದಲ್ಲಿ ಉಳಿದ ಜಾಗಕ್ಕೂ ಗುಣಿಸಿ ಬಂದ ಸಂಖ್ಯೆ 8000. ಜೊತೆಗೆ ನೂರಕ್ಕೂ ಹೆಚ್ಚು ರಥಗಳು, ಆರುನೂರರಷ್ಟು ಕುದುರೆಗಳು.

ಒಂದನೇ ಗುಂಡಿ 230 ಮೀಟರ್ ಉದ್ದ, 62 ಮೀಟರ್ ಅಗಲ. ಕಾಲಾಳುಗಳ ಮುಖ್ಯ ಪಡೆ ಇರುವುದು ಇಲ್ಲಿ. ಎರಡನೆಯದರಲ್ಲಿ ಕುದುರೆ ಸವಾರರು, ರಥಗಳು, ಬಿಲ್ಲಾಳುಗಳು. ಮೂರನೆಯದು ಚಿಕ್ಕದು, ಒಂದು ರಥ, 68 ಆಳುಗಳು, ಸೇನಾನಾಯಕರ ಕೇಂದ್ರವಿರಬೇಕು ಎಂದು ಊಹೆ. ನಾಲ್ಕನೆಯದು ಖಾಲಿ. ತೋಡಿದರು, ತುಂಬಿಸುವಷ್ಟರಲ್ಲಿ ಸಾಮ್ರಾಜ್ಯವೇ ಕುಸಿದಿರಬಹುದು.

ಎಲ್ಲರೂ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದಾರಂತೆ, ಏಕೆ?

ಬಹುತೇಕರು ಹೌದು. ಪೂರ್ವಕ್ಕಿದ್ದದ್ದು ಆತ ಗೆದ್ದ ಆರು ರಾಜ್ಯಗಳು. ಸತ್ತ ಮೇಲೂ ಕಾಟ ಆ ಕಡೆಯಿಂದಲೇ ಬಂದೀತು ಎಂಬ ಎಣಿಕೆ ಇದ್ದಿರಬೇಕು. ಒಂದನೇ ಗುಂಡಿಯ ಅಂಚಿನ ಸಾಲುಗಳವರು ಮಾತ್ರ ಪಕ್ಕಕ್ಕೆ ತಿರುಗಿದ್ದಾರೆ. ಪಡೆಯ ಮಗ್ಗುಲಿನಿಂದ ಯಾರೂ ನುಗ್ಗದಂತೆ ಕಾಯುವುದು ಅವರ ಕೆಲಸ. ಪೂಜೆಗೆ ಜೋಡಿಸಿದ ಗೊಂಬೆಗಳ ಸಾಲಾಗಿದ್ದರೆ ಈ ಎಚ್ಚರ ಬೇಕಿರಲಿಲ್ಲ. ವ್ಯೂಹ ಕಟ್ಟುವುದನ್ನು ಬಲ್ಲವರು ಯಾರೋ ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದಾರೆ.

ಇಷ್ಟು ದೊಡ್ಡ ಗೊಂಬೆಗಳನ್ನು ಮಾಡಿದ್ದು ಹೇಗೆ?

ಸರಾಸರಿ ಎತ್ತರ 1.8 ಮೀಟರ್, ತೂಕ ನೂರು ಕಿಲೋಗಿಂತ ಹೆಚ್ಚು. ಇಡಿಯಾಗಿ ಅಚ್ಚಿನಲ್ಲಿ ಒತ್ತಿ ತೆಗೆಯಲು ಆಗದು. ಅಲ್ಲೇ ಸಿಗುವ ಹಳದಿ ಮಣ್ಣನ್ನು ಹದ ಮಾಡಿ, ಮೊದಲು ಪೀಠ, ಅದರ ಮೇಲೆ ಗಟ್ಟಿ ಕಾಲುಗಳು. ಮುಂಡ ಮಾತ್ರ ಪೊಳ್ಳು: ಕೋಡುಬಳೆಗೆ ಹೊಸೆದ ಹಾಗೆ ಮಣ್ಣನ್ನು ಹೊಸೆದು, ಸುತ್ತಿನ ಮೇಲೆ ಸುತ್ತು ಏರಿಸಿ, ಒಳಗಿನಿಂದ ಒತ್ತುತ್ತ ಹೊರಗಿನಿಂದ ಬಡಿಯುತ್ತ ಮೇಲೆತ್ತಿದ್ದಾರೆ. ಒಡೆದ ಮುಂಡಗಳ ಒಳಗೆ ಇಣುಕಿದರೆ ಕೆಲಸಗಾರರ ಬೆರಳಿನ ಗುರುತುಗಳು ಇವತ್ತಿಗೂ ಕಾಣುತ್ತವೆ.

ತಲೆ ಬೇರೆ, ಕೈ ಬೇರೆ. ತಲೆಯ ಒರಟು ಆಕಾರ ಅಚ್ಚಿನಲ್ಲಿ. ಅದರ ಮೇಲೆ ತೆಳುವಾಗಿ ಮಣ್ಣು ಮೆತ್ತಿ ಕಿವಿ, ಮೂಗು, ಮೀಸೆ, ಹುಬ್ಬುಗಳನ್ನು ಕೈಯಿಂದ ತಿದ್ದಿದ್ದು. ಕೂದಲಿನ ಎಳೆಗಳನ್ನು ಬಾಚಣಿಗೆಯಂಥ ಉಪಕರಣದಿಂದ ಗೀರಿದ್ದು. ಕವಚದ ಪಟ್ಟಿಗಳನ್ನು ಕೊನೆಗೆ ಮೂಡಿಸಿದ್ದು. ಚೆನ್ನಾಗಿ ಒಣಗಿಸಿ 900-1000 ಡಿಗ್ರಿ ಶಾಖದಲ್ಲಿ ಆವೆಯಲ್ಲಿ ಸುಟ್ಟಿದ್ದಾರೆ. ಕುಂಬಾರಿಕೆ ಬಲ್ಲವರಿಗೆ ಇಲ್ಲಿಯ ಕಷ್ಟ ಗೊತ್ತು. ಕಾಲು ದಪ್ಪ ಘನ, ಮುಂಡ ತೆಳು. ಒಂದೇ ಬಿಸಿಗೆ ಎರಡೂ ಬಿರುಕು ಬಿಡದೆ ಬೇಯಬೇಕು. ಮಣ್ಣಿನ ಹದವೂ ಬೆಂಕಿಯ ಹದವೂ ಕೈವಶವಾಗದೆ ಇಂಥವು ಸಾವಿರಗಟ್ಟಲೆ ಹೊರಬರುವುದಿಲ್ಲ.

ಪ್ರತಿಯೊಬ್ಬರ ಮುಖವೂ ಬೇರೆಯೇ? ನಿಜವಾದ ಸೈನಿಕರನ್ನು ಎದುರು ನಿಲ್ಲಿಸಿಕೊಂಡು ಮಾಡಿದ್ದಾ?

ಬೇರೆ ಬೇರೆ ಎನ್ನುವುದು ನಿಜಕ್ಕೆ ಹತ್ತಿರ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಚೀನೀ ತಜ್ಞರೊಂದಿಗೆ ಸೇರಿ ಸುಮಾರು 30 ಸೈನಿಕರ ಕಿವಿಗಳನ್ನು ಮೂರು ಆಯಾಮದಲ್ಲಿ ಅಳೆದರು. ಮನುಷ್ಯರ ಕಿವಿಯ ಹಾಗೆ ಅವೂ ಒಂದರಂತೆ ಒಂದಿರಲಿಲ್ಲ.

ಆದರೆ ಇದರಿಂದ ಪ್ರತಿ ಗೊಂಬೆಯ ಹಿಂದೆ ಒಬ್ಬ ನಿಜವಾದ ಸೈನಿಕನಿದ್ದ ಎನ್ನುವುದು ಸ್ವಲ್ಪ ಅತಿಯಾಯಿತು. ಮುಖದ ಆಕಾರ ಕೆಲವೇ ಬಗೆ. ಮೀಸೆ ಕೆಲವು ಬಗೆ. ಜುಟ್ಟು ಕೆಲವು ಬಗೆ. ಇವನ್ನು ಅದಲುಬದಲು ಮಾಡಿ ಜೋಡಿಸಿದರೆ ನೂರಾರು ಮುಖಗಳು ಹುಟ್ಟುತ್ತವೆ. ಉಳಿದ ವ್ಯತ್ಯಾಸ ತಿದ್ದಿದ ಕೈಗಳದ್ದು. ನನಗೆ ಇದೇ ಹೆಚ್ಚು ಸೋಜಿಗ. ಒಬ್ಬೊಬ್ಬನೂ ಬೇರೆಯಾಗಿ ಕಾಣಬೇಕು ಎಂದು ಮೇಲಿನಿಂದ ಅಪ್ಪಣೆ ಬಂದಿದೆ, ಅದನ್ನು ಕಾರ್ಖಾನೆಯ ರೀತಿಯಲ್ಲಿ ಪಾಲಿಸಿದ್ದಾರೆ.

ಮಾಡಿದವರು ಯಾರು?

ಹೆಸರು ಸಮೇತ ಗೊತ್ತು. ಗೊಂಬೆಗಳ ಮೇಲೆ, ಅಂಗಿಯ ಅಂಚಿನಲ್ಲೋ ಬೆನ್ನಿನಲ್ಲೋ ಕಣ್ಣಿಗೆ ಬೀಳದ ಜಾಗದಲ್ಲಿ, ಕೆತ್ತಿದ ಅಥವಾ ಮುದ್ರೆ ಒತ್ತಿದ ಹೆಸರುಗಳಿವೆ. ಹೀಗೆ 80ಕ್ಕೂ ಹೆಚ್ಚು ಮೇಸ್ತ್ರಿಗಳ ಹೆಸರು ಸಿಕ್ಕಿದೆ. ಕೆಲವರ ಹೆಸರಿನ ಮುಂದೆ ಅರಮನೆಯ ಕಾರ್ಖಾನೆಯ ಗುರುತಿದೆ, ಕೆಲವರದರ ಮುಂದೆ ರಾಜಧಾನಿ ಷಿಯೆನ್‌ಯಾಂಗ್‌ನ ಹೆಸರಿದೆ. ಅರಮನೆಯವರು ಮೊದಲು ನೀರಿನ ಕೊಳವೆ, ಹೆಂಚು ಮಾಡುತ್ತಿದ್ದ ಕೈಗಳು. ಊರಿನಿಂದ ಬಂದವರು ಮಡಕೆ ಕುಡಿಕೆಯ ಕುಂಬಾರರು. ಇಬ್ಬರ ಕೈಯ ಶೈಲಿಯಲ್ಲೂ ವ್ಯತ್ಯಾಸ ಕಾಣುತ್ತದೆ ಎನ್ನುತ್ತಾರೆ ತಜ್ಞರು.

ಕಲಾವಿದ ಹೆಮ್ಮೆಯಿಂದ ಹಾಕಿದ ಸಹಿ ಎಂದುಕೊಳ್ಳಬೇಡಿ. ಚಿನ್ ರಾಜ್ಯದಲ್ಲಿ ಸರ್ಕಾರಿ ಕೆಲಸದ ಮೇಲೆ ಮಾಡಿದವನ ಹೆಸರು ಹಾಕಲೇಬೇಕು, ಕಳಪೆಯಾದರೆ ಯಾರನ್ನು ಹಿಡಿಯಬೇಕೆಂದು ಗೊತ್ತಾಗಲಿ ಎಂದು. ಗುಂಡಿಯಲ್ಲಿ ಸಿಕ್ಕ ಕಂಚಿನ ಆಯುಧಗಳ ಮೇಲೆ ಈ ಏರ್ಪಾಡು ಇನ್ನೂ ನಿಚ್ಚಳ. ಒಂದೇ ಅಲಗಿನ ಮೇಲೆ ಇಸವಿ, ಪ್ರಧಾನ ಮಂತ್ರಿ ಲು ಬುವೆಯ್ ಹೆಸರು, ಕಾರ್ಖಾನೆಯ ಮುಖ್ಯಸ್ಥ, ಅವನ ಕೈಕೆಳಗಿನ ಅಧಿಕಾರಿ, ಕೊನೆಗೆ ಎರಕ ಹೊಯ್ದ ಕೆಲಸಗಾರ, ಹೀಗೆ ಮೇಲಿನಿಂದ ಕೆಳಗಿನವರೆಗೆ ಸರಪಳಿ.

ನಮ್ಮ ಊರುಗಳ ವೀರಗಲ್ಲಿನಲ್ಲಿ ಬರಹ ಇದ್ದರೆ ಸತ್ತವನ ಹೆಸರು, ಯಾವ ಕಾಳಗ, ಯಾರ ತುರುವಿಗಾಗಿ ಮಡಿದ ಎಂಬುದು ಇರುತ್ತದೆ. ಇಲ್ಲಿ ಸಾವಿರಾರು ಸೈನಿಕರಲ್ಲಿ ಒಬ್ಬನಿಗೂ ಹೆಸರಿಲ್ಲ. ಹೆಸರಿರುವುದು ಲೆಕ್ಕ ಒಪ್ಪಿಸಬೇಕಾದ ಕುಂಬಾರನಿಗೆ. ಈ ಸೈನ್ಯ ಶೌರ್ಯದ ಬಗ್ಗೆ ಹೇಳುವುದಕ್ಕಿಂತ ಕಚೇರಿ, ಕಡತ, ಜವಾಬ್ದಾರಿಗಳ ಬಗ್ಗೆ ಹೆಚ್ಚು ಹೇಳುತ್ತದೆ.

ಬಣ್ಣ ಇತ್ತಂತೆ, ನಿಜವೇ?

ಇತ್ತು, ಅದೂ ಕಣ್ಣು ಕುಕ್ಕುವಷ್ಟು. ಸುಟ್ಟ ಮಣ್ಣಿನ ಮೇಲೆ ಮೊದಲು ಲ್ಯಾಕರ್ ಮರದ ರಾಳದ ಲೇಪ, ಅದರ ಮೇಲೆ ಬಣ್ಣ. ಕೆಂಪಿಗೆ ಇಂಗಲೀಕ, ಹಸಿರಿಗೆ ಮ್ಯಾಲಕೈಟ್, ನೀಲಿಗೆ ಅಜುರೈಟ್, ಬಿಳಿಗೆ ಸುಟ್ಟ ಮೂಳೆಯ ಪುಡಿ. ನೇರಳೆ ಬಣ್ಣವೊಂದು ಮಾತ್ರ ಪ್ರಕೃತಿಯಲ್ಲಿ ಸಿಗದ ವಸ್ತು: ಬೇರಿಯಂ, ತಾಮ್ರ, ಮರಳಿನಂಥ ಸಿಲಿಕಾ ಸೇರಿಸಿ ಹೆಚ್ಚಿನ ಶಾಖದಲ್ಲಿ ಕಾಯಿಸಿ ಮಾಡಬೇಕು. ಅದನ್ನೂ ಮಾಡಿದ್ದರು.

ಈಗ ಕಾಣದಿರಲು ಕಾರಣ ಆ ರಾಳ. ಎರಡು ಸಾವಿರ ವರ್ಷ ಒದ್ದೆ ಮಣ್ಣಿನಲ್ಲಿದ್ದ ಲೇಪಕ್ಕೆ ಹೊರಗಿನ ಒಣ ಗಾಳಿ ತಾಗಿದರೆ ಕೆಲವೇ ನಿಮಿಷಗಳಲ್ಲಿ ಸುರುಳಿಯಾಗಿ ಎದ್ದು, ಬಣ್ಣವನ್ನೂ ಎಳೆದುಕೊಂಡು ಉದುರುತ್ತದೆ. ಎಪ್ಪತ್ತರ ದಶಕದಲ್ಲಿ ಹೊರತೆಗೆದವು ಹೀಗೆ ಬೋಳಾದವು. ಆಮೇಲೆ ಜರ್ಮನಿಯ ತಜ್ಞರ ಜೊತೆ ಸೇರಿ ಒಂದು ದಾರಿ ಕಂಡುಕೊಂಡರು: ಹೊರಬಂದ ತಕ್ಷಣ ತೇವ ಆರದಂತೆ ನೋಡಿಕೊಂಡು, ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕದ ಲೇಪ ಕೊಡುವುದು. ಉಳಿದ ಸೈನಿಕರನ್ನು ಅಗೆಯಲು ಆತುರಪಡದಿರುವುದಕ್ಕೆ ಇದೂ ಒಂದು ಕಾರಣ.

ಒಬ್ಬನಿಗೆ ಹಸಿರು ಮುಖವಂತೆ?

ಹೌದು. 1999ರಲ್ಲಿ ಎರಡನೇ ಗುಂಡಿಯಲ್ಲಿ ಸಿಕ್ಕ, ಮಂಡಿಯೂರಿದ ಒಬ್ಬ ಬಿಲ್ಲಾಳು. ಮುಖವೆಲ್ಲ ಹಸಿರು, ಕೂದಲು ಮೀಸೆ ಕಪ್ಪು. ಶತ್ರುವನ್ನು ಹೆದರಿಸಲು ಬಳಿದುಕೊಂಡ ಬಣ್ಣ, ದುಷ್ಟಶಕ್ತಿ ಓಡಿಸುವವನ ವೇಷ, ಬಣ್ಣ ಹಚ್ಚುವವನ ತಮಾಷೆ, ಹೀಗೆ ಊಹೆಗಳು ಹಲವು. ಯಾವುದೂ ಸಾಬೀತಾಗಿಲ್ಲ.

ಎಲ್ಲರಿಗೂ ಒಂದೇ ಸಮವಸ್ತ್ರವಿತ್ತೇ?

ಇರಲಿಲ್ಲ. ಬಣ್ಣ ಉಳಿದಿರುವ ಸೈನಿಕರನ್ನು ನೋಡಿದರೆ ಒಬ್ಬನದು ಹಸಿರು ಅಂಗಿ, ಪಕ್ಕದವನದು ಕೆಂಪು, ಮತ್ತೊಬ್ಬನದು ನೇರಳೆ. ಕಾಲರ್ ಒಂದು ಬಣ್ಣ, ತೋಳಿನ ಅಂಚು ಇನ್ನೊಂದು. ಎಲ್ಲವನ್ನೂ ಒಂದೇ ಅಳತೆಗೆ ತಂದ ರಾಜ್ಯದಲ್ಲಿ ಸೈನಿಕರಿಗೆ ಒಂದೇ ಬಣ್ಣದ ಬಟ್ಟೆ ಇಲ್ಲವೆಂದರೆ ಆಶ್ಚರ್ಯವೇ.

ಇದಕ್ಕೆ ಉತ್ತರ ಸಿಕ್ಕಿದ್ದು ನೂರಾರು ಮೈಲಿ ದೂರದ ಬೇರೊಂದು ಸಮಾಧಿಯಲ್ಲಿ. 1975-76ರಲ್ಲಿ ಹೂಬೇ ಪ್ರಾಂತ್ಯದ ಶುಇಹುದಿ ಎಂಬಲ್ಲಿ ಅಗೆದಾಗ ಮರದ ಹಲಗೆಗಳ ಮೇಲೆ ಬರೆದ ಎರಡು ಪತ್ರ ದೊರೆತವು. ಚೀನಾದಲ್ಲಿ ಸಿಕ್ಕಿರುವ ಮನೆಯ ಪತ್ರಗಳಲ್ಲಿ ಅತ್ಯಂತ ಹಳೆಯವು ಇವೇ. ಬರೆದವರು ಹೈಫು ಮತ್ತು ಜಿಂಗ್ ಎಂಬ ಅಣ್ಣತಮ್ಮಂದಿರು, ಚಿನ್ ಸೈನ್ಯದ ಸಾಮಾನ್ಯ ಸೈನಿಕರು. ಕಾಲ ಕ್ರಿ.ಪೂ. 223, ಚು ರಾಜ್ಯದ ಮೇಲಿನ ದಂಡಯಾತ್ರೆ. ಮನೆಯಲ್ಲಿದ್ದ ಅಣ್ಣನ ಹೆಸರಿಗೆ ಬರೆದು ಅಮ್ಮನ ಕ್ಷೇಮ ಕೇಳುತ್ತಾರೆ, ಕೂಡಲೇ ವಿಷಯಕ್ಕೆ ಬರುತ್ತಾರೆ: ಬೇಸಿಗೆಯ ಬಟ್ಟೆ ಬೇಕು, ದುಡ್ಡು ಬೇಕು. ನಮ್ಮೂರಲ್ಲಿ ಬಟ್ಟೆ ಅಗ್ಗವಿದ್ದರೆ ಅಮ್ಮ ಅಲ್ಲೇ ಹೊಲಿದು ಕಳಿಸಲಿ, ತುಟ್ಟಿಯಾದರೆ ಬರೀ ದುಡ್ಡು ಕಳಿಸಲಿ, ಇಲ್ಲೇ ಹೊಲಿಸಿಕೊಳ್ಳುತ್ತೇನೆ ಎನ್ನುತ್ತಾನೆ ಹೈಫು. ಜಿಂಗ್ ಆಗಲೇ ಬೇರೊಬ್ಬನ ದುಡ್ಡು ಖರ್ಚು ಮಾಡಿಬಿಟ್ಟಿದ್ದಾನೆ. ಐದಾರು ನೂರು ಕಾಸು, ಒಳ್ಳೆಯ ಬಟ್ಟೆ ಇಷ್ಟುದ್ದಕ್ಕೆ ಕಡಿಮೆಯಿಲ್ಲದಂತೆ ಕಳಿಸಿ ಎನ್ನುತ್ತಾನೆ. ಮನೆಯಿಂದ ಬಾರದಿದ್ದರೆ ಸತ್ತೇ ಹೋಗುತ್ತೇನೆ ಎನ್ನುತ್ತಾನೆ. ಕೊನೆಗೆ ‘ತುರ್ತು, ತುರ್ತು, ತುರ್ತು’ ಎಂದು ಮೂರು ಸಲ ಬರೆಯುತ್ತಾನೆ.

ಅಂದರೆ ಕವಚ, ಆಯುಧ ಸರ್ಕಾರದ್ದು, ಅಂಗಿ ಅಮ್ಮನದು. ಪ್ರತಿ ಮನೆಯಲ್ಲೂ ಸಿಕ್ಕ ಬಟ್ಟೆ, ಸಿಕ್ಕ ಬಣ್ಣ. ಗುಂಡಿಯಲ್ಲಿ ಸೈನಿಕರ ಅಂಗಿಗಳು ಒಂದೊಂದು ಬಣ್ಣ ಏಕೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಓದಿಲ್ಲ. ಅವರಿಬ್ಬರೂ ಮನೆಗೆ ಮರಳಿದರೋ ಇಲ್ಲವೋ, ಪತ್ರಗಳಂತೂ ಊರು ಮುಟ್ಟಿದ್ದವು. ಅವು ಸಿಕ್ಕಿದ್ದು ಊರಿನ ಸಮಾಧಿಯಲ್ಲೇ.

ಯಾರು ದೊಡ್ಡ ಅಧಿಕಾರಿ, ಯಾರು ಸಾಮಾನ್ಯ ಸೈನಿಕ ಎಂದು ಗುರುತಿಸುವುದು ಹೇಗೆ?

ತಲೆ ನೋಡಿ. ಸಾಮಾನ್ಯ ಸೈನಿಕರಲ್ಲಿ ಹಲವರಿಗೆ ನೆತ್ತಿಯ ಬಲಬದಿಗೆ ಕಟ್ಟಿದ ಜುಟ್ಟು. ಕೆಳ ಅಧಿಕಾರಿಗಳಿಗೆ ಚಪ್ಪಟೆ ಟೋಪಿ. ಸೇನಾನಾಯಕರಿಗೆ ಹಕ್ಕಿಯ ಬಾಲದಂತೆ ಎರಡಾಗಿ ಸೀಳಿದ ಟೋಪಿ, ಎದೆಯ ಕವಚದ ಮೇಲೆ ರಿಬ್ಬನ್ ಗಂಟು. ನಾಯಕರು ಉಳಿದವರಿಗಿಂತ ಎತ್ತರ, ಹೊಟ್ಟೆಯೂ ತುಸು ಮುಂದೆ.

ಇದರ ಹಿಂದೆ ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ ಷಾಂಗ್ ಯಾಂಗ್ ಎಂಬ ಮಂತ್ರಿ ತಂದ ಸುಧಾರಣೆಯಿದೆ. ಮುಂದೆ ಅದು ಇಪ್ಪತ್ತು ಮೆಟ್ಟಿಲಿನ ದರ್ಜೆಯ ಏರ್ಪಾಡಾಗಿ ಬೆಳೆಯಿತು. ಯುದ್ಧದಲ್ಲಿ ಶತ್ರುವಿನ ತಲೆ ತಂದರೆ ಒಂದು ಮೆಟ್ಟಿಲು ಮೇಲೆ, ಜೊತೆಗೆ ಹೊಲ, ಮನೆ ಕಟ್ಟಲು ಜಾಗ. ರೈತನ ಮಗ ಹುಟ್ಟಿನ ಬಲವಿಲ್ಲದೆ ಮೇಲೇರಬಹುದಾದ ದಾರಿ ಇದು. ಆದರೆ ಅದರ ಬೆಲೆ ಇನ್ನೊಬ್ಬನ ತಲೆ.

ಒಬ್ಬರಿಗೂ ಶಿರಸ್ತ್ರಾಣ ಏಕಿಲ್ಲ?

ಚಿನ್ ಸೈನಿಕರು ಸಾವಿಗೆ ಹೆದರದೆ ಶಿರಸ್ತ್ರಾಣ ಬಿಸಾಕಿ ನುಗ್ಗುತ್ತಿದ್ದರು ಎಂಬ ಕಥೆ ಜನಪ್ರಿಯ. ನಂಬುವುದು ಕಷ್ಟ. ಸಮಾಧಿ ಪ್ರದೇಶದ ಇನ್ನೊಂದು ಗುಂಡಿಯಲ್ಲಿ ಸುಣ್ಣಕಲ್ಲಿನ ಸಣ್ಣ ಸಣ್ಣ ಬಿಲ್ಲೆಗಳನ್ನು ತಂತಿಯಿಂದ ಪೋಣಿಸಿ ಮಾಡಿದ ಕವಚಗಳ ಜೊತೆ ಶಿರಸ್ತ್ರಾಣಗಳೂ ಸಿಕ್ಕಿವೆ. ಅವರಿಗೆ ಅದರ ಬಳಕೆ ಗೊತ್ತಿತ್ತು.

ಒಬ್ಬನೇ ಸೈನಿಕನನ್ನು ನೋಡಲು ಸಮಯವಿದ್ದರೆ ಯಾರನ್ನು ನೋಡಬೇಕು?

ಮಂಡಿಯೂರಿದ ಬಿಲ್ಲಾಳನ್ನು. ಎಡಗಾಲು ಮಡಚಿ, ಬಲಮಂಡಿ ನೆಲಕ್ಕೂರಿ, ಎರಡೂ ಕೈಗಳನ್ನು ಬಲಬದಿಗೆ ತಂದು ಅಡ್ಡಬಿಲ್ಲು ಹಿಡಿದ ಭಂಗಿ. ಬಿಲ್ಲಿನ ಮರ ಕೊಳೆತು ಹೋಗಿ ಈಗ ಖಾಲಿ ಕೈ. ಮುಖ ನೋಡಿದ ಮೇಲೆ ಹಿಂದಕ್ಕೆ ಹೋಗಿ ಬಲಪಾದ ನೋಡಿ. ಬೆರಳ ಮೇಲೆ ಮಡಚಿದ ಪಾದವಾದ್ದರಿಂದ ಪಾದರಕ್ಷೆಯ ಅಡಿ ಪೂರ್ತಿ ಕಾಣುತ್ತದೆ. ಅಲ್ಲಿ ಹೊಲಿಗೆಯ ಚುಕ್ಕಿಗಳು: ಮುಂಗಾಲಿನ ಬಳಿಯೂ ಹಿಮ್ಮಡಿಯ ಬಳಿಯೂ ಒತ್ತಾಗಿ, ನಡುವೆ ವಿರಳವಾಗಿ. ಸವೆಯುವ ಕಡೆ ಹೆಚ್ಚು ಹೊಲಿಗೆ, ಜಾರದಿರಲೂ ಅದೇ ನೆರವು. ಗುಂಡಿ ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳಬಾರದಿದ್ದ ಅಂಗಾಲಿಗೆ ಇಷ್ಟು ನಿಗಾ. ಇವರು ಗಿಡ್ಡಗಿದ್ದದ್ದರಿಂದ ಮೇಲ್ಛಾವಣಿ ಕುಸಿದಾಗ ನಿಂತವರಿಗಿಂತ ಕಡಿಮೆ ಪೆಟ್ಟು ತಿಂದರು.

ಕತ್ತಿಗಳಿಗೆ ಕ್ರೋಮಿಯಂ ಲೇಪವಿತ್ತು, ಅದು ಕಾಲವನ್ನು ಮೀರಿದ ವಿಜ್ಞಾನ ಎನ್ನುತ್ತಾರಲ್ಲ?

ಇಲ್ಲ. ಕೆಲವು ಆಯುಧಗಳ ಮೇಲೆ ಕ್ರೋಮಿಯಂ ಅಂಶ ಕಂಡದ್ದು ನಿಜ, ಅದರಿಂದ ಈ ಕಥೆ ದಶಕಗಟ್ಟಲೆ ಓಡಿತು. 2019ರಲ್ಲಿ ಸಂಶೋಧಕ ಮಾರ್ಟಿನೋನ್-ಟೊರೆಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಅದಕ್ಕೆ ತೆರೆ ಎಳೆಯಿತು. ಕ್ರೋಮಿಯಂ ಕಂಡದ್ದು ಮುಖ್ಯವಾಗಿ ಮರದ ಹಿಡಿ, ಒರೆಗಳಿದ್ದ ಜಾಗದ ಹತ್ತಿರ; ಅದು ಬಂದದ್ದು ಅವಕ್ಕೆ ಬಳಿದಿದ್ದ ಲ್ಯಾಕರ್‌ನಿಂದ. ಚೆನ್ನಾಗಿ ಉಳಿದ ಅಲಗುಗಳಲ್ಲಿ ಹಲವಕ್ಕೆ ಕ್ರೋಮಿಯಂ ಸೋಂಕೇ ಇಲ್ಲ. ಅವು ಕಿಲುಬು ಹಿಡಿಯದೆ ಉಳಿದದ್ದು ಕಂಚಿನಲ್ಲಿನ ತವರದ ಪ್ರಮಾಣ ಮತ್ತು ಅಲ್ಲಿಯ ನುಣುಪು, ತುಸು ಕ್ಷಾರದ ಮಣ್ಣಿನಿಂದ.

ನಿಜವಾದ ಜಾಣ್ಮೆ ಬೇರೆ ಕಡೆಯಿದೆ. 40,000ದಷ್ಟು ಬಾಣದ ಮೊನೆಗಳು ಸಿಕ್ಕಿವೆ, ಬತ್ತಳಿಕೆಗೆ ನೂರರಂತೆ ಕಟ್ಟು. ಒಂದು ಕಟ್ಟಿನೊಳಗಿನ ಲೋಹದ ಮಿಶ್ರಣ ಒಂದೇ. ಕಟ್ಟಿನಿಂದ ಕಟ್ಟಿಗೆ ಬೇರೆ. ಅಂದರೆ ಒಬ್ಬರು ಬರೀ ಮೊನೆ, ಇನ್ನೊಬ್ಬರು ಬರೀ ಕಡ್ಡಿ ಎಂದು ರಾಶಿ ಹಾಕುತ್ತಿರಲಿಲ್ಲ. ಸಣ್ಣ ಸಣ್ಣ ತಂಡಗಳು ಎರಕದಿಂದ ಜೋಡಣೆಯವರೆಗೆ ಎಲ್ಲ ಮುಗಿಸಿ, ಪೂರ್ತಿ ಕಟ್ಟನ್ನೇ ಕೈಗಿಡುತ್ತಿದ್ದವು ಎಂದು ಸಂಶೋಧಕರ ಅಭಿಪ್ರಾಯ.

ಹಾಗಾದರೆ ಬಹಳಷ್ಟು ಸೈನಿಕರ ಕೈ ಖಾಲಿ ಏಕೆ?

ಮರದ ಭಾಗ ಕೊಳೆಯಿತು. ಉಳಿದದ್ದರಲ್ಲಿ ಒಳ್ಳೆಯ ಪಾಲನ್ನು ಹಳೆಯ ಕಾಲದಲ್ಲೇ ಯಾರೋ ದೋಚಿದ್ದಾರೆ. ಒಂದನೇ, ಎರಡನೇ ಗುಂಡಿಗಳ ಛಾವಣಿಯ ತೊಲೆಗಳು ಸುಟ್ಟು ಇದ್ದಿಲಾಗಿವೆ. ಕ್ರಿ.ಪೂ. 206ರಲ್ಲಿ ರಾಜಧಾನಿಗೆ ಬೆಂಕಿಯಿಟ್ಟ ಬಂಡಾಯ ನಾಯಕ ಷಿಯಾಂಗ್ ಯು ಕಡೆಯವರ ಕೆಲಸ ಎಂದು ಬಹುಮಂದಿ ನಂಬುತ್ತಾರೆ. ಸೈನಿಕರಲ್ಲಿ ಬಹುತೇಕ ಎಲ್ಲರೂ ಚೂರುಚೂರಾಗಿಯೇ ಸಿಕ್ಕಿದ್ದು. ಇವತ್ತು ಸಾಲಾಗಿ ನಿಂತವರನ್ನು ಅಂಟಿಸಿ ನಿಲ್ಲಿಸಿದ್ದಾರೆ.

ನರಬಲಿಯ ಬದಲಿಗೆ ಈ ಗೊಂಬೆಗಳು ಬಂದವು ಎನ್ನುವುದು ಸರಿಯೇ?

ಅರ್ಧ ಸರಿ. ಚಿನ್ ದೊರೆಗಳ ಜೊತೆ ಜೀವಂತ ಮನುಷ್ಯರನ್ನು ಕಳಿಸುವ ಪದ್ಧತಿ ಇತ್ತು. ಕ್ರಿ.ಪೂ. 621ರಲ್ಲಿ ಮು ಎಂಬ ದೊರೆ ಸತ್ತಾಗ 177 ಮಂದಿಯನ್ನು ಜೊತೆಗೆ ಹೂಳಿದರೆಂದು ಬರಹವಿದೆ. ಕ್ರಿ.ಪೂ. 384ರಲ್ಲಿ ಇದನ್ನು ನಿಷೇಧಿಸಿದರು. ಆಮೇಲೆ ಸಣ್ಣ ಗೊಂಬೆಗಳನ್ನಿಡುವ ರೂಢಿ ಬಂತು. ಷಿಯೆನ್‌ಯಾಂಗ್ ಬಳಿ ಸಿಕ್ಕ, ಗೇಣುದ್ದದ ಕುದುರೆ ಸವಾರರ ಗೊಂಬೆಗಳು ಈ ಸೈನ್ಯಕ್ಕಿಂತ ಹಳೆಯವು.

ಆದರೆ ನಿಷೇಧ ಕಾಗದದ ಮೇಲೆ ಉಳಿಯಿತೋ ಏನೋ. ಸಿಮಾ ಚಿಯೆನ್ ಬರೆದಂತೆ, ಮಕ್ಕಳಾಗದ ಅಂತಃಪುರದ ಹೆಂಗಸರನ್ನೆಲ್ಲ ಚಕ್ರವರ್ತಿಯ ಜೊತೆಗೇ ಕಳಿಸಿದರು. ಸಮಾಧಿಯ ಒಳಗುಟ್ಟು ಬಲ್ಲ ಕುಶಲಕರ್ಮಿಗಳನ್ನು ಒಳಗೆ ಬಿಟ್ಟು ಬಾಗಿಲು ಮುಚ್ಚಿದರು. ಮಣ್ಣಿನ ಮನುಷ್ಯರು ಬಂದ ಮಾತ್ರಕ್ಕೆ ನಿಜವಾದ ಮನುಷ್ಯರ ಜೀವಕ್ಕೆ ಬೆಲೆ ಬಂತು ಎನ್ನುವುದು ಕಷ್ಟ.

ಸಮಾಧಿಯ ಬಗ್ಗೆ ಇಷ್ಟೆಲ್ಲ ಬರೆದ ಸಿಮಾ ಚಿಯೆನ್, ಮಣ್ಣಿನ ಸೈನ್ಯದ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಬಾವಿ ತೋಡದಿದ್ದರೆ ಇವತ್ತಿಗೂ ತಿಳಿಯುತ್ತಿರಲಿಲ್ಲ.

ಕಟ್ಟಿದ ಕೂಲಿಗಳ ಗತಿ?

ಏಳು ಲಕ್ಷ ಜನ ದುಡಿದರು ಎನ್ನುತ್ತಾನೆ ಸಿಮಾ ಚಿಯೆನ್. ಸಂಖ್ಯೆ ಉತ್ಪ್ರೇಕ್ಷೆ ಇರಬಹುದು. ಸಮಾಧಿಯ ಹತ್ತಿರದ ಝಾವೋಬೆಯ್‌ಹು ಹಳ್ಳಿಯಲ್ಲಿ ಕೂಲಿಗಳ ಹೂಳುಗುಣಿಗಳು ಸಿಕ್ಕಿವೆ. ಕೆಲವರ ಮೂಳೆಗಳ ಜೊತೆ ಒಡೆದ ಹೆಂಚಿನ ತುಂಡಿದೆ. ಅದರ ಮೇಲೆ ಊರು, ಸ್ಥಿತಿ, ಹೆಸರು ಗೀಚಿದ್ದಾರೆ. ಒಂದು ತುಂಡಿನಲ್ಲಿರುವುದು ಪೂರ್ವದ ದೊಂಗ್‌ವು ಊರಿನ ಚಿಂಗ್‌ಜಿ. ಆತ ಸರ್ಕಾರಕ್ಕೆ ಕೊಡಬೇಕಾದ ಹಣ ತೀರಿಸಲಾಗದೆ ದುಡಿಮೆಗೆ ಬಂದವನು ಎಂದು ಅದೇ ತುಂಡು ಹೇಳುತ್ತದೆ. ಇಪ್ಪತ್ತು ಮೆಟ್ಟಿಲಿನ ದರ್ಜೆಯಲ್ಲಿ ಎರಡನೆಯ ಮೆಟ್ಟಿಲಿನವನು ಎಂದೂ ಹೇಳುತ್ತದೆ. ಹೆಣವಾದ ಮೇಲೂ ಲೆಕ್ಕದಲ್ಲಿ ದರ್ಜೆ ತಪ್ಪಿಲ್ಲ.

ಬದುಕಿದ್ದವರ ಕಥೆ ಇನ್ನೂ ವಿಚಿತ್ರ. ಚಕ್ರವರ್ತಿ ಸತ್ತ ಮರುವರ್ಷ ಬಂಡಾಯವೆದ್ದಿತು. ಬಂಡಾಯಗಾರರು ರಾಜಧಾನಿಯ ಹತ್ತಿರ ಬಂದಾಗ ಝಾಂಗ್ ಹಾನ್ ಎಂಬ ಅಧಿಕಾರಿ ಸಮಾಧಿಯಲ್ಲಿ ದುಡಿಯುತ್ತಿದ್ದ ಕೈದಿ ಕೂಲಿಗಳನ್ನು ಬಿಡುಗಡೆ ಮಾಡಿ, ಕೈಗೆ ಆಯುಧ ಕೊಟ್ಟು ಯುದ್ಧಕ್ಕೆ ಕಳಿಸಿದ. ಮಣ್ಣಿನ ಸೈನಿಕರು ಅಲ್ಲೇ ನಿಂತಿದ್ದರು, ಕಾದಲು ಹೋದವರು ಕೂಲಿಗಳು.

ಗ್ರೀಕ್ ಶಿಲ್ಪಿಗಳು ಬಂದು ಕಲಿಸಿದರಂತೆ?

ಆಳೆತ್ತರದ ಶಿಲ್ಪ ಚೀನಾದಲ್ಲಿ ಇದಕ್ಕೆ ಮೊದಲು ಅಪರೂಪ. ಹಾಗಾಗಿ ಮಧ್ಯ ಏಷ್ಯಾದ ಗ್ರೀಕ್ ರಾಜ್ಯಗಳ ಪ್ರಭಾವ ಇರಬಹುದೇ ಎಂದು ಕಲಾ ಇತಿಹಾಸಕಾರ ಲೂಕಸ್ ನಿಕೆಲ್ ಮೊದಲಾದವರು ವಾದಿಸಿದ್ದಾರೆ. ಹಲವು ಚೀನೀ ವಿದ್ವಾಂಸರು ಒಪ್ಪುವುದಿಲ್ಲ. ಗ್ರೀಕ್ ಶಿಲ್ಪಿಯೊಬ್ಬ ಅಲ್ಲಿದ್ದ ಎನ್ನಲು ನೇರ ಸಾಕ್ಷ್ಯವಿಲ್ಲ. ದೂರದಿಂದ ಕಲ್ಪನೆ ಬಂದಿದ್ದರೂ ಬರಲಿ, ಮಾಡಿದ ವಿಧಾನವಂತೂ ಕೊಳವೆ, ಹೆಂಚು ಮಾಡುತ್ತಿದ್ದ ಅಲ್ಲಿಯ ಕುಂಬಾರರದ್ದೇ.

ಸೈನಿಕರಲ್ಲದೆ ಬೇರೆ ಏನೇನು ಸಿಕ್ಕಿದೆ?

ಇದೇ ಕಣ್ತೆರೆಸುವ ಭಾಗ. 1980ರಲ್ಲಿ ನಿಜದ ಅರ್ಧ ಅಳತೆಯ ಎರಡು ಕಂಚಿನ ರಥಗಳು, ಒಂದೊಂದೂ ಸಾವಿರ ಕಿಲೋಗಿಂತ ಭಾರ. ಕುಸ್ತಿಪಟುಗಳಂತೆ ಬರಿಮೈಯ ಡೊಂಬರಾಟದವರು. ಗುಮಾಸ್ತರು: ಸೊಂಟದಲ್ಲಿ ಬರಹ ಅಳಿಸುವ ಚಾಕು ಮತ್ತು ಸಾಣೆಕಲ್ಲು ಸಿಕ್ಕಿಸಿಕೊಂಡವರು (ಬಿದಿರಿನ ಪಟ್ಟಿಯ ಮೇಲೆ ಬರೆಯುತ್ತಿದ್ದ ಕಾಲ, ತಪ್ಪಾದರೆ ಕೆರೆದು ತೆಗೆಯಬೇಕು). ನಿಜವಾದ ಕುದುರೆಗಳ ಅಸ್ಥಿ, ಪಕ್ಕದಲ್ಲಿ ಮಣ್ಣಿನ ಸಾಹಣಿಗರು. ನೀರಿನ ಪಕ್ಕದಲ್ಲಿ ಕಂಚಿನ ಕೊಕ್ಕರೆ, ಹಂಸ, ಬಾತುಗಳು. ಒಟ್ಟಿನಲ್ಲಿ ಇಡೀ ಅರಮನೆಯ ಆಡಳಿತವನ್ನೇ ನೆಲದೊಳಗೆ ಇಳಿಸಿದ್ದಾರೆ. ಅದರಲ್ಲಿ ಸೈನ್ಯ ಒಂದು ಇಲಾಖೆ.

ಮುಖ್ಯ ಸಮಾಧಿಯನ್ನು ಏಕೆ ಇನ್ನೂ ತೆರೆದಿಲ್ಲ?

ತೆರೆದರೆ ಒಳಗಿನದು ಹಾಳಾಗದಂತೆ ಕಾಪಾಡುವ ಭರವಸೆ ಇಲ್ಲದ್ದರಿಂದ. ಬಣ್ಣಕ್ಕೆ ಆದದ್ದನ್ನು ಮೇಲೆ ಓದಿದಿರಿ. ಒಳಗೆ ಪಾದರಸದ ನದಿಗಳು ಹರಿಯುತ್ತಿದ್ದವು ಎಂದು ಸಿಮಾ ಚಿಯೆನ್ ಬರೆದದ್ದನ್ನು ಕಟ್ಟುಕಥೆ ಎಂದುಕೊಂಡಿದ್ದವರಿಗೆ 1980ರ ದಶಕದಲ್ಲಿ ಅಚ್ಚರಿ ಕಾದಿತ್ತು: ದಿಬ್ಬದ ಮಣ್ಣಿನಲ್ಲಿ ಪಾದರಸದ ಪ್ರಮಾಣ ಸುತ್ತಲಿಗಿಂತ ಎಷ್ಟೋ ಹೆಚ್ಚು. ಒಳನುಗ್ಗಿದವರ ಮೇಲೆ ತಾನೇ ಬಾಣ ಬಿಡುವ ಅಡ್ಡಬಿಲ್ಲುಗಳಿದ್ದವು ಎಂದೂ ಆತ ಬರೆದಿದ್ದಾನೆ, ಆ ಮಾತನ್ನಂತೂ ಯಾರೂ ಪರೀಕ್ಷಿಸಿಲ್ಲ.

ಇಂಥ ಮಣ್ಣಿನ ಸೈನಿಕರು ಬೇರೆಲ್ಲೂ ಇಲ್ಲವೇ?

ಇದ್ದಾರೆ, ಇಷ್ಟು ದೊಡ್ಡವರಿಲ್ಲ. ಮುಂದೆ ಬಂದ ಹಾನ್ ವಂಶದವರೂ ಸೈನ್ಯಗಳನ್ನು ಹೂತರು, ಗಾತ್ರ ಮಾತ್ರ ಮೊಣಕಾಲೆತ್ತರಕ್ಕೆ ಇಳಿಯಿತು. ಜಿಂಗ್ ಚಕ್ರವರ್ತಿಯ ಸಮಾಧಿಯಲ್ಲಿನ ಗೊಂಬೆಗಳು ಸುಮಾರು 60 ಸೆಂಟಿಮೀಟರ್. ಮರದ ಕೈ, ರೇಷ್ಮೆಯ ಬಟ್ಟೆ ಕೊಳೆತುಹೋಗಿ ಈಗ ಬೆತ್ತಲೆ, ಕೈಯಿಲ್ಲದ ಮೈಗಳಾಗಿ ನಿಂತಿವೆ. ಹಿಂದಿನವನ ದುಂದಿನಿಂದ ಪಾಠ ಕಲಿತರೋ, ಬೊಕ್ಕಸ ಬಡವಾಗಿತ್ತೋ.

ಜಪಾನಿನ ಹನಿವಾ ಎಂಬ ಮಣ್ಣಿನ ಗೊಂಬೆಗಳು ಬೇರೆಯೇ ಜಾತಿ. ಆರನೇ ಶತಮಾನದ ಕವಚಧಾರಿ ಯೋಧನೊಬ್ಬ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದಾನೆ. ಅಡಿಯಿಂದ ಮುಡಿಯವರೆಗೆ ಕವಚದ ಒಂದೊಂದು ಕಟ್ಟೂ ಸ್ಪಷ್ಟ. ಚೀನಾದವು ನೆಲದೊಳಗೆ, ಯಾರಿಗೂ ಕಾಣದ ಹಾಗೆ. ಹನಿವಾಗಳು ಸಮಾಧಿ ದಿಬ್ಬದ ಮೇಲೆ, ದಾರಿಹೋಕರೆಲ್ಲ ನೋಡುವ ಹಾಗೆ. ಒಬ್ಬನಿಗೆ ಸತ್ತ ಮೇಲಿನ ಲೋಕದಲ್ಲಿ ಸೈನ್ಯ ಬೇಕಿತ್ತು, ಇನ್ನೊಬ್ಬನಿಗೆ ಬದುಕಿರುವವರ ಎದುರು ಮರ್ಯಾದೆ.

ನೋಡಲು ಹೋಗುವವರಿಗೆ ಸಲಹೆ?

ಶಿಆನ್‌ನಿಂದ ಬೆಳಿಗ್ಗೆ ಬೇಗ ಹೊರಡಿ. ಟಿಕೆಟ್ಟಿಗೆ ಪಾಸ್‌ಪೋರ್ಟ್ ಬೇಕು. ರಜಾ ದಿನಗಳಲ್ಲಿ, ಅದರಲ್ಲೂ ಅಕ್ಟೋಬರ್ ಮೊದಲ ವಾರ, ಕಾಲಿಡಲು ಜಾಗವಿರುವುದಿಲ್ಲ. ಎಲ್ಲರೂ ಮೊದಲು ಒಂದನೇ ಗುಂಡಿಗೆ ನುಗ್ಗುತ್ತಾರೆ. ನೀವು ಮೂರು, ಎರಡು, ಆಮೇಲೆ ಒಂದು ಎಂಬ ಕ್ರಮದಲ್ಲಿ ನೋಡಿದರೆ ಕಣ್ಣು ಹಂತಹಂತವಾಗಿ ಪಳಗುತ್ತದೆ. ಕಂಚಿನ ರಥಗಳಿಗೆ ಬೇರೆ ಕಟ್ಟಡವಿದೆ, ಬಿಡಬೇಡಿ.

ಮುಟ್ಟಬಹುದೇ?

ಖಂಡಿತ ಇಲ್ಲ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪ್ರದರ್ಶನಕ್ಕೆ ಹೋಗಿದ್ದ ಸೈನಿಕನ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡ ಯುವಕನೊಬ್ಬ ಹೆಬ್ಬೆರಳು ಮುರಿದು ಜೇಬಿಗಿಳಿಸಿದ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವರು ಅವನ ಮನೆಯ ಮೇಜಿನ ಡ್ರಾಯರಿನಿಂದ ಅದನ್ನು ವಶಪಡಿಸಿಕೊಂಡರು, ಪ್ರಕರಣ ಕೋರ್ಟು ಮೆಟ್ಟಿಲೇರಿತು. 2006ರಲ್ಲಿ ಒಬ್ಬ ಜರ್ಮನ್ ಕಲಾ ವಿದ್ಯಾರ್ಥಿ ಮೈಗೆಲ್ಲ ಬಣ್ಣ ಬಳಿದುಕೊಂಡು ಗುಂಡಿಗಿಳಿದು ಸೈನಿಕರ ನಡುವೆ ಅಲ್ಲಾಡದೆ ನಿಂತಿದ್ದ. ಕಾವಲುಗಾರರಿಗೆ ಅವನನ್ನು ಹುಡುಕಲು ಸ್ವಲ್ಪ ಹೊತ್ತೇ ಹಿಡಿಯಿತು. ಅವನನ್ನು ಎತ್ತಿಕೊಂಡು ಹೋಗಿ, ವೇಷ ಕಿತ್ತುಕೊಂಡು, ಬೈದು ಕಳಿಸಿದರು.